ಹಳೆಯ ಕಂಪ್ಯೂಟರು ನಿಜವಾಗಿಯೂ ಹಳೆಯದೇ?

ಗುಂಡಿಯನ್ನೊತ್ತಿ ಎರಡು ಮೂರು ನಿಮಿಷ ಕಾದರೂ ಕಂಪ್ಯೂಟರು ಕೆಲಸಕ್ಕೆ ಸಿದ್ಧವಾಗದಿದ್ದರೆ, 'ಇದಕ್ಕೆ ವಯಸ್ಸಾಯಿತು, ಹೊಸದನ್ನು ತರಿಸೋಣ' ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳುವ ಬಗೆ ಇದು. ರೋಗವೆಲ್ಲಿದೆಯೆಂದು ನೋಡದೆ ಮದ್ದನ್ನು ನಿಶ್ಚಯಿಸುವುದು ವಿಜ್ಞಾನದ ವಿದ್ಯಾರ್ಥಿಗಳಿಗೆ ತಕ್ಕುದಲ್ಲ.

2012ರ ಸುಮಾರಿನ ಮೇಜಿನ ಕಂಪ್ಯೂಟರೊಂದನ್ನು ತೆಗೆದುಕೊಳ್ಳೋಣ. ಅದರ ಪ್ರೊಸೆಸರು ಸೆಕೆಂಡಿಗೆ ಸುಮಾರು 300 ಕೋಟಿ ಸಲ ಮಿಡಿಯುತ್ತದೆ. ಬರೆಹಕ್ಕೆ, ಲೆಕ್ಕಕ್ಕೆ, ಪ್ರೋಗ್ರಾಮು ಕಲಿಯುವುದಕ್ಕೆ ಈ ವೇಗವು ಇಂದಿಗೂ ಧಾರಾಳವಾಗಿ ಸಾಕು. ಆದರೆ ಅದಕ್ಕೆ ಮಾಹಿತಿಯನ್ನು ಒದಗಿಸತಕ್ಕ ಹಾರ್ಡ್ ಡಿಸ್ಕು ಚಲಿಸುವ ಯಂತ್ರ. ಕಾಂತೀಯ ಲೇಪವುಳ್ಳ ಅದರ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುತ್ತವೆ. ಎಂದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಓದುವ ತೋಳು ಬೇಕಾದ ಪಥಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡು ಹಿಡಿಯುತ್ತದೆ. ಅನಂತರ ಸರಾಸರಿ ಅರ್ಧ ಸುತ್ತಿನ ಕಾಲ ಕಾಯಬೇಕು. ಒಟ್ಟು ಸುಮಾರು 13 ಮಿಲಿಸೆಕೆಂಡು. ಅಷ್ಟರಲ್ಲಿ ಪ್ರೊಸೆಸರಿನ ಸುಮಾರು ನಾಲ್ಕು ಕೋಟಿ ಮಿಡಿತಗಳು ಕಳೆದಿರುತ್ತವೆ! ಕಂಪ್ಯೂಟರು ಎಚ್ಚರಗೊಳ್ಳುವಾಗ ಅಲ್ಲಲ್ಲಿ ಚದುರಿರುವ ಸಾವಿರಾರು ಕಡತಗಳನ್ನು ಓದಬೇಕಷ್ಟೆ. ಹನಿ ಹನಿ ಕೂಡಿ ಹಳ್ಳವಾಗುವಂತೆ ಈ ಕಾಯುವಿಕೆಯೇ ನಿಮಿಷಗಳಾಗಿ ಬೆಳೆಯುತ್ತದೆ.

ಸಾಲಿಡ್ ಸ್ಟೇಟ್ ಡ್ರೈವ್, ಎಂದರೆ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ಅವಾಹಕದ ಗೋಡೆಗಳ ನಡುವೆ ಎಲೆಕ್ಟ್ರಾನುಗಳನ್ನು ಸೆರೆಯಿಟ್ಟು ಅದು ಮಾಹಿತಿಯನ್ನು ಕಾಯುತ್ತದೆ. ಈ ತತ್ತ್ವವನ್ನು 1967ರಲ್ಲಿ ಬೆಲ್ ಪ್ರಯೋಗಾಲಯದ ಡಾವೊನ್ ಕಾಂಗ್ ಮತ್ತು ಸೈಮನ್ ಝೀ ಅವರು ಪ್ರಕಟಿಸಿದರು. 1980ರ ದಶಕದಲ್ಲಿ ತೋಷಿಬಾ ಸಂಸ್ಥೆಯ ಫುಜಿಯೊ ಮಸುವೊಕಾ ಅವರು ಅದರಿಂದ ಫ್ಲ್ಯಾಷ್ ಸ್ಮೃತಿಯನ್ನು ರೂಪಿಸಿದರು. ಇಲ್ಲಿ ಮಾಹಿತಿ ಕೈಗೆ ಬರಲು ಸುಮಾರು 0.1 ಮಿಲಿಸೆಕೆಂಡು ಸಾಕು. ಹಾರ್ಡ್ ಡಿಸ್ಕಿಗೆ ಜೋಡಿಸಿದ್ದ ಸಾಟಾ ತಂತಿಯನ್ನೇ ಇದಕ್ಕೂ ಜೋಡಿಸಬಹುದು. ಹಳೆಯ ಸಾಟಾ ಮಾರ್ಗ ಸೆಕೆಂಡಿಗೆ 300 ಮೆಗಾಬೈಟುಗಳನ್ನು ಮೀರಿ ಸಾಗಿಸಲಾರದೆಂಬುದು ನಿಜ; ಆದರೂ ಕಾಯುವಿಕೆ ತಪ್ಪಿದ ಲಾಭವೇನೂ ನಷ್ಟವಾಗದು.

ಎಸ್‌ಎಸ್‌ಡಿ ಸರ್ವರೋಗಕ್ಕೂ ಮದ್ದೆಂದು ನಾವು ಹೇಳುತ್ತಿಲ್ಲ. ಅದು ಪ್ರೊಸೆಸರಿನ ಶಕ್ತಿಯನ್ನು ಹೆಚ್ಚಿಸದು. ರ‍್ಯಾಮ್ ತೀರ ಕಡಮೆಯಿದ್ದರೆ ಅದನ್ನೂ ಹೆಚ್ಚಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಇಂತಹ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಲ್ಲ. ಅವುಗಳಿಗೆ ಉಚಿತವಾಗಿ ದೊರೆಯುವ ಲಿನಕ್ಸ್ ಒಳ್ಳೆಯ ದಾರಿ. ಬದಲಾಯಿಸುವ ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡುವುದಂತೂ ಅವಶ್ಯ.

ಪರೀಕ್ಷೆಯೂ ಸುಲಭ. ಯಂತ್ರ ತಡವರಿಸುವಾಗ ಟಾಸ್ಕ್ ಮ್ಯಾನೇಜರನ್ನು ತೆರೆದು ನೋಡಬೇಕು. ಡಿಸ್ಕು ನೂರಕ್ಕೆ ನೂರು ದುಡಿಯುತ್ತಿದ್ದು ಪ್ರೊಸೆಸರು ಬಿಡುವಾಗಿದ್ದರೆ, ದೋಷ ಎಲ್ಲಿದೆಯೆಂದು ಬೇರೆ ಹೇಳಬೇಕಾಗಿಲ್ಲ.

ಶಾಲಾ ಕಾಲೇಜುಗಳು ಈ ಪರೀಕ್ಷೆ ಮಾಡದೆ ಯಾವ ಕಂಪ್ಯೂಟರನ್ನೂ ಮೂಲೆಗೆ ತಳ್ಳಕೂಡದೆಂಬುದು ನಮ್ಮ ಅಭಿಪ್ರಾಯ. ಹತ್ತು ಯಂತ್ರಗಳು ಮೂಲೆ ಸೇರಿ, ಹೊಸವನ್ನು ಕೊಳ್ಳಲು ಹಣವೂ ಒದಗದಿದ್ದರೆ, ಉಳಿದ ಒಂದೊಂದರ ಮುಂದೆ ಮೂವರು ನಾಲ್ವರು ಕೂರಬೇಕಾಗುತ್ತದೆ. ಒಬ್ಬ ಕಲಿಯುತ್ತಾನೆ, ಮಿಕ್ಕವರು ನೋಡುತ್ತಾರೆ. ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿನಿಂದ ಆ ಮಿಕ್ಕವರ ಕೈಗೂ ಕೀಲಿಮಣೆ ಸಿಗುವುದಾದರೆ, ಆ ಹಣ ಸಾರ್ಥಕವಲ್ಲವೆ?