ಪಡುವಣ ಕಡಲಿನ ಮ್ಯಾಕ್‌ಬೆತ್

ತುಳುವಿನಲ್ಲಿ 'ಪಡ್ಡಾಯಿ' ಎಂದರೆ ಪಡುವಣ. ಎರಡು ಮಾತೂ ಒಂದೇ ಬೇರಿನವು. ಹೆಸರಿನಿಂದಲೇ ನಮಗಿಷ್ಟು ನೆಂಟನಾಗಿರುವ ಚಿತ್ರವೊಂದು ಘಟ್ಟದ ಮೇಲಿನ ನಮ್ಮ ಸೀಮೆಗೆ ಅಪರಿಚಿತವಾಗಿ ಉಳಿದಿರುವುದು ವಿಷಾದದ ಸಂಗತಿ. ಅಭಯ ಸಿಂಹ ಅವರು ನಿರ್ದೇಶಿಸಿದ ಈ ಚಿತ್ರ ತೆರೆ ಕಂಡದ್ದು 2018ರಲ್ಲಿ. 65ನೆಯ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಗಳಲ್ಲಿ ಶ್ರೇಷ್ಠ ತುಳು ಚಿತ್ರವೆಂಬ ಮನ್ನಣೆಯೂ ಇದಕ್ಕೆ ಸಂದಿತು. ಆದರೂ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಅಧ್ಯಾಪಕ ಮಿತ್ರರಲ್ಲಿ ಇದನ್ನು ಕಂಡವರನ್ನು ನಾನು ಹುಡುಕಬೇಕಾಗಿದೆ.

ಚಿತ್ರಕ್ಕೆ ಆಧಾರ ಷೇಕ್ಸ್‌ಪಿಯರನ 'ಮ್ಯಾಕ್‌ಬೆತ್'. ಕನ್ನಡಕ್ಕೆ ಈ ದುರಂತ ಹೊಸತಲ್ಲ. ಎಂ. ಎಲ್. ಶ್ರೀಕಂಠೇಶಗೌಡರು 1895ರಲ್ಲಿಯೇ ಅದನ್ನು 'ಪ್ರತಾಪರುದ್ರದೇವ'ವನ್ನಾಗಿ ರೂಪಾಂತರಿಸಿದರು, 1936ರಲ್ಲಿ ಡಿ.ವಿ.ಜಿ.ಯವರ ಅನುವಾದ ಬಂದಿತು. ಜಪಾನಿನ ಕುರೋಸಾವಾ 1957ರಲ್ಲಿ ಅದನ್ನು ಸಾಮುರಾಯಿಗಳ ಕೋಟೆಗೆ ಒಯ್ದರು. ಅಲ್ಲೆಲ್ಲ ದೊರೆತನ ದೊರೆತನವಾಗಿಯೇ ಉಳಿಯಿತು. 'ಪಡ್ಡಾಯಿ'ಯಲ್ಲಾದರೋ ಅದು ಮೀನುಗಾರಿಕೆಯ ಯಜಮಾನಿಕೆಯ ಮಟ್ಟಕ್ಕೆ ಇಳಿದಿದೆ. ಕರಾವಳಿಯ ಮೊಗವೀರರ ನಡುವಿನ ನವದಂಪತಿ, ಅವರ ಮೇಲೊಬ್ಬ ಒಡೆಯ, ಅವನ ಐಶ್ವರ್ಯ, ಅದರ ಮೇಲೆ ಬಿದ್ದ ಕಣ್ಣು: ಇಷ್ಟೇ. ಸಿಂಹಾಸನದ ಆಸೆ ನಮಗೆ ದೂರದ್ದು. ದುಡಿಸಿಕೊಳ್ಳುವವನಂತೆ ತಾನೂ ಬಾಳಬೇಕೆಂಬ ಆಸೆ ಯಾರಿಗೂ ದೂರದ್ದಲ್ಲ. ಇದರಿಂದಾಗಿಯೇ ಕೊಲೆಗಿಂತ ಕೊಲೆಗೆ ಮುಂಚಿನ ಬಾಳು ನನ್ನನ್ನು ಹೆಚ್ಚು ಕಲಕಿತು.

ಆ ಬಾಳು ನಮಗೆ ಅಷ್ಟು ಅನ್ಯವೂ ಅಲ್ಲ. ಜಗಳೂರಿನ ರೈತ ಮುಗಿಲು ನೋಡುವ ಜೂನ್ ತಿಂಗಳಿನಲ್ಲಿಯೇ ಮಲ್ಪೆಯ ಯಂತ್ರದೋಣಿಗಳು ದಡ ಸೇರುತ್ತವೆ; ಜುಲೈ ಮುಗಿಯುವವರೆಗೆ, 61 ದಿನ, ಅವು ಕಡಲಿಗಿಳಿಯುವಂತಿಲ್ಲ. ಒಂದೇ ಮಳೆ ಇಲ್ಲಿ ಕೂರಿಗೆಯನ್ನು ಹೊರಡಿಸುತ್ತದೆ, ಅಲ್ಲಿ ಬಲೆಯನ್ನು ಮೂಲೆಗೆ ಸೇರಿಸುತ್ತದೆ. ಸಾಲದ ಲೆಕ್ಕ ಎರಡು ಕಡೆಯೂ ನಿಲ್ಲುವುದಿಲ್ಲ. ಸೂಳೆಕೆರೆಯ ಮೀನನ್ನೇ ನೆಚ್ಚಿದ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿಯೂ ಇದ್ದಾರಷ್ಟೆ.

ಭಾಷೆ ತಿಳಿಯದು ಎಂಬ ಆಕ್ಷೇಪಣೆ ಬರಬಹುದು. ಬಂಗಾಳಿ ತಿಳಿಯದೆಯೇ ಸತ್ಯಜಿತ್ ರಾಯರ 'ಪಥೇರ್ ಪಾಂಚಾಲಿ'ಯನ್ನು ಮೆಚ್ಚಿದವರು ನಾವು. ನೆರೆಮನೆಯ ನುಡಿಗೆ ಮಾತ್ರ ಈ ಬಿಗುಮಾನವೇಕೆ? ದುಬಾರಿಯ ಸಾಹಿತ್ಯೋತ್ಸವಗಳು ಬೇಕಿಲ್ಲ. ನಮ್ಮ ಕಾಲೇಜುಗಳ ಕನ್ನಡ ಮತ್ತು ಇಂಗ್ಲಿಷ್ ವಿಭಾಗಗಳು ಜೊತೆಗೂಡಿ, ನಿರ್ಮಾಪಕರ ಅನುಮತಿ ಪಡೆದು, ಒಂದು ಶನಿವಾರ ಮಧ್ಯಾಹ್ನ ಡಿ.ವಿ.ಜಿ.ಯವರ ಅನುವಾದದ ಒಂದೆರಡು ದೃಶ್ಯಗಳನ್ನು ಓದಿಸಿ, ಆಮೇಲೆ ದೀಪವಾರಿಸಿ ಈ ಚಿತ್ರವನ್ನು ತೋರಿಸಲಿ.