ತೋಟದ ಟ್ರ್ಯಾಕ್ಟರು: ಧುರ್ಯವಾವುದು?

ದನಗಳ ಜಾತ್ರೆಗೆ ಹೋದವರೆಲ್ಲರೂ ಈ ನೋಟವನ್ನು ಕಂಡೇ ಇರುವರು. ಎತ್ತನ್ನು ಕೊಳ್ಳಬಂದ ಅನುಭವಶಾಲಿಯಾದ ರೈತನು ಅದರ ಕೊಂಬಿನ ಬಣ್ಣಕ್ಕಾಗಲಿ ಕೊರಳಿನ ಗೆಜ್ಜೆಗಾಗಲಿ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲನ್ನೆಣಿಸುತ್ತಾನೆ. ಗೊರಸನ್ನು ತಟ್ಟಿ ನೋಡುತ್ತಾನೆ. ಹೆಗಲಿನ ಮೇಲೆ ಕೈಯಾಡಿಸಿ, ನೊಗದಿಂದ ಜಡ್ಡುಗಟ್ಟಿರುವುದೋ ಹುಣ್ಣಾಗಿರುವುದೋ ಎಂದು ಪರೀಕ್ಷಿಸುತ್ತಾನೆ. ಹೂಡಿ ನಡೆಸಿ ನೋಡಿದ ಹೊರತು ಹಣದ ಗಂಟನ್ನು ಬಿಚ್ಚುವುದಿಲ್ಲ. ಇಷ್ಟು ಎಚ್ಚರವುಳ್ಳ ಅದೇ ಗೃಹಸ್ಥನು ತೋಟಕ್ಕೆಂದು ಚಿಕ್ಕ ಟ್ರ್ಯಾಕ್ಟರೊಂದನ್ನು ಕೊಳ್ಳಹೊರಟಾಗ ಮಾತ್ರ, “ಎಷ್ಟು ಅಶ್ವಶಕ್ತಿ?” ಎಂಬ ಒಂದೇ ಪ್ರಶ್ನೆಯನ್ನು ಕೇಳಿ ತೃಪ್ತನಾಗುತ್ತಾನೆ. ಸಂಸ್ಕೃತದಲ್ಲಿ ‘ಧುರ್’ ಎಂದರೆ ನೊಗ. ನೊಗವನ್ನು ಹೊರಲು ಯೋಗ್ಯವಾದದ್ದು ‘ಧುರ್ಯ’. ಓಡಬಲ್ಲದ್ದೆಲ್ಲವೂ ಧುರ್ಯವಲ್ಲ. ಭಾರವಾದ ಸಲಕರಣೆಗಳನ್ನು ಕಟ್ಟಿ ದುಡಿಸಬೇಕಾದ ಯಂತ್ರದಲ್ಲಿ ಈ ಯೋಗ್ಯತೆಯನ್ನು ಅರಿಯುವ ಬಗೆ ಹೇಗೆಂಬುದೇ ಈ ತಿಂಗಳ ನಮ್ಮ ವಿಚಾರ.

ಇದನ್ನು ಬರೆಯಲು ಕಾರಣವಾದ ಸಂಗತಿಯನ್ನು ಮುಚ್ಚಿಡದೆ ಹೇಳುವುದು ನ್ಯಾಯ. ತುಮಕೂರು ಸೀಮೆಯಲ್ಲಿ ತೆಂಗು ಅಡಕೆಗಳ ತೋಟವುಳ್ಳ ನಮ್ಮ ಹಳೆಯ ಶಿಷ್ಯನೊಬ್ಬನು ಆರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದು, ಎರಡು ಟ್ರ್ಯಾಕ್ಟರುಗಳ ವಿವರಪತ್ರಗಳನ್ನು ಮುಂದಿಟ್ಟು, “ಯಾವುದನ್ನು ಕೊಳ್ಳಲಿ, ಮೇಷ್ಟ್ರೇ?” ಎಂದು ಕೇಳಿದನು. ಯಂತ್ರವಿಷಯದಲ್ಲಿ ನಮಗೆ ಅಧಿಕಾರವಿರಲಿಲ್ಲ. ಆದರೆ ಕೇಳಿದವರಿಗೆ ಉತ್ತರ ಹೇಳದೆ ಸುಮ್ಮನಿರುವುದು ಉಪಾಧ್ಯಾಯವೃತ್ತಿಯವರಿಗೆ ಬಲು ಕಷ್ಟ. ಬೆಲೆ ಹೆಚ್ಚುಕಡಮೆ ಒಂದೇ ಆಗಿದ್ದುದರಿಂದ, ಅಶ್ವಶಕ್ತಿಯ ಅಂಕಿ ದೊಡ್ಡದಾಗಿದ್ದ ಯಂತ್ರವನ್ನು ಬೆರಳಿಟ್ಟು ತೋರಿಸಿದೆವು. ಮೂರನೆಯ ವರ್ಷದಲ್ಲಿ ಅದರ ಗೇರ್‌ಬಾಕ್ಸಿನ ಕವಚವು ಬಿರುಕುಬಿಟ್ಟಿತು. ಆ ಸಾಲಿನ ಅಡಕೆಯ ಹಣದಲ್ಲಿ ಅರ್ಧವು ರಿಪೇರಿಗೆ ಹೋಯಿತು. ಆಮೇಲೂ ಯಂತ್ರವು ಮೊದಲಿನಂತಾಗಲಿಲ್ಲ. ಈ ವರ್ಷ ಅದನ್ನು ಮಾರಿ ಬೇರೊಂದನ್ನು ಕೊಳ್ಳಬೇಕೆಂದೂ, ಸಾಲದ ಹಣಕ್ಕೆ ಮನೆಯಾಕೆಯ ಬಳೆಗಳನ್ನು ಒತ್ತೆಯಿಡಬೇಕೆಂದೂ ಯೋಚಿಸಿ, ದಂಪತಿಗಳಿಬ್ಬರೂ ಮತ್ತೆ ನಮ್ಮಲ್ಲಿಗೇ ಬಂದರು. ಆತನು ನಮ್ಮನ್ನು ಒಂದು ಮಾತೂ ದೂರಲಿಲ್ಲ. ಅದೇ ನಮ್ಮನ್ನು ಹೆಚ್ಚಾಗಿ ನೋಯಿಸಿತು. ಆದಕಾರಣ ಈ ಸಲ ಬಾಯಿ ಬಿಡುವುದಕ್ಕೆ ಮುಂಚೆ ಓದತಕ್ಕದ್ದನ್ನು ಓದಿ, ಬಲ್ಲ ಮೇಸ್ತ್ರಿಗಳನ್ನು ಕೇಳಿ, ಕೆಟ್ಟುಹೋದ ಯಂತ್ರದ ಮುಂದೆಯೇ ಕುಳಿತು ವಿಚಾರಮಾಡಿದೆವು.

ಆ ಯಂತ್ರವು ಯಾತಕ್ಕೆ ಮುರಿಯಿತು? ಎಂಜಿನ್ನಿನಲ್ಲಿ ಬಲ ಸಾಲದೆ ಅಲ್ಲ. ಅದಕ್ಕೆ ಕಟ್ಟುತ್ತಿದ್ದ ರೋಟವೇಟರು ನೆಂಟರ ಮನೆಯಿಂದ ಎರವು ತಂದದ್ದು. ದೊಡ್ಡ ಟ್ರ್ಯಾಕ್ಟರಿಗೆಂದು ಮಾಡಿದ, ಸುಮಾರು ೩೦೦ ಕಿಲೋಗ್ರಾಂ ತೂಕದ ಸಲಕರಣೆ. ಮುನ್ನೂರು ಕಿಲೋ ಕಟ್ಟಿದರೆ ಅಚ್ಚಿನ ಮೇಲೆ ಮುನ್ನೂರು ಕಿಲೋ ಬೀಳುವುದೆಂದು ಎಲ್ಲರೂ ಎಣಿಸುವರು. ಶಾಲೆಯಲ್ಲಿ ಕಲಿಸುವ ಸನ್ನೆಗೋಲಿನ ಲೆಕ್ಕವು ಬೇರೆಯೇ ಹೇಳುತ್ತದೆ. ಟ್ರ್ಯಾಕ್ಟರಿನ ತೂಕ ೮೦೦ ಕಿಲೋ ಇದ್ದು, ಅದರಲ್ಲಿ ೩೨೦ ಮುಂದಿನ ಅಚ್ಚಿನ ಮೇಲೂ ೪೮೦ ಹಿಂದಿನ ಅಚ್ಚಿನ ಮೇಲೂ ನಿಂತಿದೆಯೆಂದು ಇಟ್ಟುಕೊಳ್ಳೋಣ. ಎರಡು ಅಚ್ಚುಗಳ ನಡುವಣ ದೂರ ೧.೪ ಮೀಟರು, ಸಲಕರಣೆಯ ಭಾರಕೇಂದ್ರವು ಹಿಂದಿನ ಅಚ್ಚಿನಿಂದ ೧ ಮೀಟರು ಹಿಂದೆ. ಈಗ ಸಲಕರಣೆಯನ್ನು ಮೇಲಕ್ಕೆತ್ತಿದರೆ, ೩೦೦ನ್ನು ೧.೪ರಿಂದ ಭಾಗಿಸಿದಾಗ ಬರುವ ಸುಮಾರು ೨೧೪ ಕಿಲೋ ಭಾರವು ಮುಂದಿನ ಚಕ್ರಗಳನ್ನು ಬಿಟ್ಟು ಹಿಂದಿನವುಗಳ ಮೇಲೆ ಬರುತ್ತದೆ. ಮುಂದೆ ಉಳಿಯುವುದು ೧೦೬ ಮಾತ್ರ. ಹಿಂದಿನ ಅಚ್ಚಿನ ಮೇಲೆ ೪೮೦ ಇದ್ದದ್ದು ೯೯೪ ಆಗುತ್ತದೆ, ಎಂದರೆ ಇಮ್ಮಡಿಗೂ ಮಿಗಿಲು. ಇದು ನಿಂತ ನೆಲದ ಮಾತು. ಬದುವನ್ನು ಹತ್ತಿಳಿಯುವಾಗ, ಗಾಡಿದಾರಿಯ ಹಳ್ಳಕ್ಕೆ ಚಕ್ರ ಬಿದ್ದಾಗ, ಅದೇ ಭಾರವು ಸುತ್ತಿಗೆಯ ಪೆಟ್ಟಾಗಿ ಅಚ್ಚನ್ನೂ ಗೇರ್‌ಬಾಕ್ಸನ್ನೂ ತಟ್ಟುತ್ತದೆ.

ಯಂತ್ರದ ಒಟ್ಟು ತೂಕದಲ್ಲಿ ಐದರಲ್ಲೊಂದು ಪಾಲಾದರೂ ಮುಂದಿನ ಅಚ್ಚಿನ ಮೇಲಿರಬೇಕು, ಇಲ್ಲದಿದ್ದರೆ ಚಕ್ರ ತಿರುಗಿಸಿದರೂ ಯಂತ್ರ ತಿರುಗದು ಎಂಬುದು ತಿಳಿದವರ ನಿಯಮ. ನಮ್ಮ ಲೆಕ್ಕದಲ್ಲಿ ೧೬೦ ಬೇಕಾದಲ್ಲಿ ೧೦೬ ಇದೆ. ಮುಂದುಗಡೆಗೆ ಭಾರದ ಗುಂಡುಗಳನ್ನು ಕಟ್ಟಿ ಇದನ್ನು ಸರಿಪಡಿಸಬಹುದು. ಆದರೆ ಹಿಂದಿನ ಅಚ್ಚಿನ ಎಲುಬು ಗಟ್ಟಿಯಿಲ್ಲದಿದ್ದರೆ ಮುಂದಿನ ಗುಂಡಿನಿಂದ ಅದು ಗಟ್ಟಿಯಾಗುವುದಿಲ್ಲ.

ಎರಡನೆಯ ಕಾರಣವು ಇನ್ನೂ ಚಿಕ್ಕದು. ರೋಟವೇಟರನ್ನು ತಿರುಗಿಸುವ ಪಿ.ಟಿ.ಒ. ದಂಡವು ನಿಮಿಷಕ್ಕೆ ೫೪೦ ಸುತ್ತು ಸುತ್ತುವಂತೆ ಏರ್ಪಾಟಾಗಿರುತ್ತದೆ. ತಿರುಗುತ್ತಿರುವ ಅಲಗುಗಳಿಗೆ ತೆಂಗಿನ ಬೇರೋ ಕಲ್ಲೋ ಸಿಕ್ಕಿಕೊಂಡರೆ ಪೆಟ್ಟು ನೇರವಾಗಿ ಗೇರುಗಳಿಗೆ ತಗಲದಿರಲೆಂದು, ನಡುವೆ ಶಿಯರ್ ಬೋಲ್ಟೆಂಬ ಮೆತ್ತನೆಯ ಬೋಲ್ಟೊಂದನ್ನೋ ಜಾರುವ ಕ್ಲಚ್ಚನ್ನೋ ಇಟ್ಟಿರುತ್ತಾರೆ. ತಾನು ತುಂಡಾಗಿ ಯಂತ್ರವನ್ನು ಉಳಿಸುವುದೇ ಆ ಬೋಲ್ಟಿನ ಧರ್ಮ. ನಮ್ಮ ಶಿಷ್ಯನ ಚಾಲಕನು, “ಪದೇ ಪದೇ ಮುರಿಯುತ್ತದೆ” ಎಂದು ಬೇಸತ್ತು, ಅದರ ಜಾಗಕ್ಕೆ ಗಡುಸಾದ ಉಕ್ಕಿನ ಬೋಲ್ಟನ್ನು ಹಾಕಿದ್ದನು. ಅಂದಿನಿಂದ ಬೋಲ್ಟು ಮುರಿಯಲಿಲ್ಲ, ಮುರಿಯಬಾರದ್ದು ಮುರಿಯಿತು.

ಬಾಳಿಕೆಯು ಅಶ್ವಶಕ್ತಿಯಲ್ಲಿಲ್ಲ ಎಂಬುದಕ್ಕೆ ಅಮೆರಿಕದ ತೋಟದ ಟ್ರ್ಯಾಕ್ಟರುಗಳ ಚರಿತ್ರೆಗಿಂತ ಒಳ್ಳೆಯ ನಿದರ್ಶನವಿಲ್ಲ. ಅಲ್ಲಿ ಮನೆಯಂಗಳದ ಹುಲ್ಲು ಕತ್ತರಿಸುವ ಹಗುರವಾದ ಯಂತ್ರಗಳೊಂದು ಜಾತಿ. ನೇಗಿಲು ಮೊದಲಾದವನ್ನು ಕಟ್ಟಿ ನೆಲವನ್ನು ಸೀಳಲು ತಕ್ಕ ಗಾರ್ಡನ್ ಟ್ರ್ಯಾಕ್ಟರುಗಳು ಮತ್ತೊಂದು ಜಾತಿ. ಹೊರನೋಟಕ್ಕೆ ಎರಡೂ ಅಣ್ಣತಮ್ಮಂದಿರಂತೆ ಕಾಣುವುವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪೆನಿಯವರು ೧೯೬೧ರ ಸುಮಾರಿಗೆ ಹೊರತಂದ ಮೊದಲ ಕಬ್ ಕೆಡೆಟ್ ಯಂತ್ರಕ್ಕೆ ಇದ್ದದ್ದು ಏಳೇ ಅಶ್ವಶಕ್ತಿ. ಆದರೆ ಅದರ ಹಿಂಭಾಗದ ಗೇರುಗಳ ಏರ್ಪಾಟನ್ನು ಅದೇ ಕಂಪೆನಿಯ ಹೊಲದ ಟ್ರ್ಯಾಕ್ಟರಾದ ಫಾರ್ಮಾಲ್ ಕಬ್‌ನಿಂದ ತೆಗೆದುಕೊಂಡಿದ್ದರು. ಕವಚವು ಎರಕದ ಕಬ್ಬಿಣ. ಆ ಕಾಲದ ಯಂತ್ರಗಳನ್ನು ಇಂದಿಗೂ ದುಡಿಸುವವರು ಅಲ್ಲಿದ್ದಾರೆ. ಇಂದಿನ ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಕೆಲವಕ್ಕೆ ಅದರ ಮೂರು ಪಾಲು ಅಶ್ವಶಕ್ತಿಯಿದ್ದರೂ, ನೆಲ ಸೀಳುವ ಸಲಕರಣೆಯನ್ನು ಇವಕ್ಕೆ ಕಟ್ಟಕೂಡದೆಂದು ತಯಾರಕರೇ ಕೈಪಿಡಿಯಲ್ಲಿ ಅಚ್ಚುಹಾಕಿಸುತ್ತಾರೆ.

ಮಾರುವವರ ಮಾತನ್ನೇ ನಂಬಿ ಮೋಸಹೋದವರು ನಾವು ಮಾತ್ರವಲ್ಲ. ಅಮೆರಿಕದ ನೆಬ್ರಾಸ್ಕಾ ಸಂಸ್ಥಾನದಲ್ಲಿ ವಿಲ್ಮಟ್ ಕ್ರೋಜಿಯರ್ ಎಂಬ ರೈತರು ಹೇಳಿದ ಕೆಲಸ ಮಾಡದ ಟ್ರ್ಯಾಕ್ಟರಿನಿಂದ ನೊಂದವರು. ಅವರು ಶಾಸನಸಭೆಯ ಸದಸ್ಯರೂ ಆಗಿದ್ದುದರಿಂದ, ಪರೀಕ್ಷೆಯಾಗದ ಟ್ರ್ಯಾಕ್ಟರನ್ನು ಅಲ್ಲಿ ಮಾರಕೂಡದೆಂಬ ಕಾನೂನು ೧೯೧೯ರಲ್ಲಿ ಆಯಿತು. ೧೯೨೦ರಿಂದ ಅಲ್ಲಿಯ ವಿಶ್ವವಿದ್ಯಾನಿಲಯವು ಪರೀಕ್ಷೆಗಳನ್ನು ನಡೆಸತೊಡಗಿತು. ನಮ್ಮ ದೇಶದಲ್ಲಿ ಈ ಕಾರ್ಯವನ್ನು ೧೯೫೫ರಲ್ಲಿ ಸ್ಥಾಪಿತವಾದ ಮಧ್ಯಪ್ರದೇಶದ ಬುದನಿಯ ಕೇಂದ್ರ ಸಂಸ್ಥೆಯು ಮಾಡುತ್ತದೆ. ಅದರ ವರದಿಯಲ್ಲಿ ಎಂಜಿನ್ನಿನ ಬಲ ಬೇರೆ, ಪಿ.ಟಿ.ಒ.ಗೆ ಮುಟ್ಟುವ ಬಲ ಬೇರೆ, ಎಳೆಯುವ ಬಲ ಬೇರೆ ಎಂದು ಕಾಣಿಸಿರುತ್ತದೆ. ಬಿಚ್ಚಿ ನೋಡಿದಾಗ ಭಾಗಗಳು ಎಷ್ಟು ಸವೆದಿದ್ದುವೆಂಬುದೂ ಇರುತ್ತದೆ. ಎತ್ತುವ ಸಾಮರ್ಥ್ಯವನ್ನು ಓದುವಾಗ ಒಂದು ಎಚ್ಚರ ಬೇಕು: ಕೆಳಗಿನ ತೋಳುಗಳ ತುದಿಯಲ್ಲಿ ಅಳೆದದ್ದು ದೊಡ್ಡ ಅಂಕಿ; ಅಲ್ಲಿಂದ ೬೧೦ ಮಿಲಿಮೀಟರು ಹಿಂದೆ ಅಳೆದದ್ದು ಚಿಕ್ಕ ಅಂಕಿ. ಸಲಕರಣೆಯ ಭಾರವು ನಿಜವಾಗಿ ತೂಗುವುದು ಹಿಂದುಗಡೆಯಲ್ಲಾದ್ದರಿಂದ ಆ ಚಿಕ್ಕ ಅಂಕಿಯನ್ನೇ ಕೇಳಿ ತಿಳಿಯತಕ್ಕದ್ದು.

ಬಳಸಿದ ಯಂತ್ರವನ್ನು ಕೊಳ್ಳುವವರು ನೋಡಬೇಕಾದದ್ದನ್ನು, ನಾವು ಈಚೆಗೆ ಶಿಷ್ಯನೊಡನೆ ಮೂರು ಕಡೆ ಹೋಗಿ ನೋಡಿದ ಕ್ರಮದಲ್ಲಿಯೇ ಹೇಳುತ್ತೇವೆ. ಬೆಳಗ್ಗೆಯೇ, ಎಂಜಿನ್ನು ತಣ್ಣಗಿರುವಾಗ ಹೋಗಬೇಕು. ಮೊದಲೇ ಬಿಸಿಮಾಡಿಟ್ಟ ಯಂತ್ರವು ತನ್ನ ರೋಗವನ್ನು ಬಚ್ಚಿಡುತ್ತದೆ. ಹೊಗೆ ನೀಲಿಯಾಗಿ ಬರುತ್ತಲೇ ಇದ್ದರೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಗೇರ್‌ಬಾಕ್ಸಿನ ಎಣ್ಣೆಯನ್ನು ಸ್ವಲ್ಪ ತೆಗೆಸಿ ಬೆರಳಿನಿಂದ ಉಜ್ಜಿ ನೋಡಬೇಕು: ಹಾಲು ಬೆರೆತಂತಿದ್ದರೆ ಒಳಗೆ ನೀರು ಹೋಗಿದೆ, ಲೋಹದ ಚೂರುಗಳು ಮಿನುಗಿದರೆ ಗೇರುಗಳು ತಮ್ಮನ್ನು ತಾವೇ ತಿನ್ನುತ್ತಿವೆ. ಕವಚಗಳ ಕೂಡುಗಳಲ್ಲಿ ಹೊಸ ಬಣ್ಣದ ಕೆಳಗೆ ಬೆಸುಗೆಯ ಗುರುತುಂಟೇ ಎಂದು ಹುಡುಕಬೇಕು. ಮುಂದಿನ ಚಕ್ರವನ್ನು ನೆಲದಿಂದೆತ್ತಿಸಿ ಅಲುಗಾಡಿಸಬೇಕು. ಎಂಜಿನ್ನು ನಿಂತಿರುವಾಗ ಪಿ.ಟಿ.ಒ. ದಂಡವನ್ನು ಹಿಡಿದು ಅದುರಿಸಿ, ಅದರ ಹಲ್ಲುಗಳು ಸವೆದಿವೆಯೇ ಎಂದು ನೋಡಬೇಕು. ಇದು ಎತ್ತಿನ ಹಲ್ಲನ್ನೆಣಿಸಿದಂತೆಯೇ. ಕಡೆಗೆ ಸಲಕರಣೆಯನ್ನು ಮೇಲಕ್ಕೆತ್ತಿ, ಎಂಜಿನ್ನನ್ನು ನಿಲ್ಲಿಸಿ, ದೂರ ನಿಂತು ಅರ್ಧ ಗಂಟೆ ಕಾಯಬೇಕು. ಬೇಗ ಬೇಗ ಕುಸಿದರೆ ಹೈಡ್ರಾಲಿಕ್ಕಿನ ಒಳಗೆ ಎಲ್ಲೋ ಸೋರಿಕೆಯಿದೆ. ದುಡಿದ ಗಂಟೆಗಳನ್ನು ತೋರಿಸುವ ಮೀಟರನ್ನು ಬದಲಾಯಿಸುವುದು ಸುಲಭ. ಕಾಲಿಟ್ಟು ಸವೆದ ಪೆಡಲು ಮಾತ್ರ ಸುಳ್ಳು ಹೇಳದು.

ಮೂರನೆಯ ಯಂತ್ರದ ಬಳಿ ನಾವು ನಮ್ಮ ಹೊಸ ವಿದ್ಯೆಯನ್ನೆಲ್ಲ ಪ್ರಯೋಗಿಸಿ ಮುಗಿಸಿದ ಮೇಲೆ, ಅಷ್ಟು ಹೊತ್ತೂ ಸುಮ್ಮನಿದ್ದ ಶಿಷ್ಯನ ಮನೆಯಾಕೆಯು, “ಮೇಷ್ಟ್ರೇ, ಇದು ಕೆಟ್ಟರೆ ಸಾಮಾನು ಎಲ್ಲಿ ಸಿಗುತ್ತದೆ? ಹತ್ತಿರದ ಊರಿನಲ್ಲಿ ಬಿಚ್ಚಬಲ್ಲವರು ಯಾರಿದ್ದಾರೆ?” ಎಂದು ಕೇಳಿದಳು. ನಮಗೆ ನಾಚಿಕೆಯಾಯಿತು. ಆ ದಿನ ಕೇಳಿದ ಪ್ರಶ್ನೆಗಳಲ್ಲೆಲ್ಲ ಇದೇ ದೊಡ್ಡದು. ವಿಚಾರಿಸಲಾಗಿ, ಮೊದಲೆರಡಕ್ಕೆ ಸಾಮಾನು ಬರಬೇಕಾದದ್ದು ಬಹಳ ದೂರದಿಂದ. ಮೂರನೆಯದಕ್ಕೆ ತಾಲ್ಲೂಕು ಕೇಂದ್ರದಲ್ಲಿಯೇ ಅಂಗಡಿಯಿತ್ತು.

ಅದನ್ನೇ ಕೊಂಡದ್ದಾಯಿತು. ಹಳೆಯದಕ್ಕಿಂತ ಅದರ ಅಶ್ವಶಕ್ತಿ ಎರಡು ಕಡಮೆ, ತೂಕ ಹೆಚ್ಚು. ಅಡಕೆಯ ಸಾಲುಗಳ ನಡುವೆ ಇರುವುದು ಒಂಬತ್ತಡಿಯಾದ್ದರಿಂದ ಇನ್ನೂ ದೊಡ್ಡ ಯಂತ್ರಕ್ಕೆ ಅಲ್ಲಿ ಎಡೆಯಿಲ್ಲ. ಅದಕ್ಕೆ ತಕ್ಕ ಚಿಕ್ಕ ರೋಟವೇಟರನ್ನೇ ಕಟ್ಟುವುದೆಂದೂ, ವರ್ಷಕ್ಕೊಮ್ಮೆ ಬರುವ ಭಾರಿ ಉಳುಮೆಗೆ ದೊಡ್ಡ ಟ್ರ್ಯಾಕ್ಟರನ್ನು ಬಾಡಿಗೆಗೆ ತರುವುದೆಂದೂ ಗೊತ್ತುಮಾಡಿಕೊಂಡರು. ನಮ್ಮ ರಾಜ್ಯದಲ್ಲಿ ೨೦೧೪-೧೫ರಲ್ಲಿ ಮೊದಲಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಏರ್ಪಟ್ಟಿರುವುದು ಇಂಥವರಿಗಾಗಿಯೇ. ನಾಲ್ಕು ದಿನದ ಕೆಲಸಕ್ಕಾಗಿ ವರ್ಷದುದ್ದಕ್ಕೂ ಒಂದು ಯಂತ್ರದ ಬೆನ್ನು ಮುರಿಯುವುದು ಮಿತವ್ಯಯವಲ್ಲ. ಬಳೆಗಳಲ್ಲಿ ಎರಡು ಒತ್ತೆಗೆ ಹೋದುವು. ಎರಡು ಕೈಯಲ್ಲಿಯೇ ಉಳಿದುವು.

ವಾಚಕ ಮಹಾಶಯರಲ್ಲಿ ನಮ್ಮ ಅರಿಕೆ ಇಷ್ಟೆ. ಕಟ್ಟಬೇಕಾದ ಸಲಕರಣೆಯ ತೂಕವನ್ನು ಮೊದಲು ತಿಳಿಯಿರಿ. ಯಂತ್ರವನ್ನು ಆಮೇಲೆ ಹುಡುಕಿರಿ. ಅಂಕಿಯನ್ನು ಓದಿ ಬುದ್ಧಿ ಹೇಳಬರುವ ಮೇಷ್ಟ್ರುಗಳ ಮಾತನ್ನು, ಅವರು ಯಂತ್ರದ ಕೆಳಗೆ ಬಗ್ಗಿ ನೋಡಿದವರೋ ಅಲ್ಲವೋ ಎಂದು ಕೇಳಿಕೊಂಡೇ ನಂಬಿರಿ.