ವಿಜ್ಞಾನ ವಿನೋದ: ಗುಂಡಿನ ವೇಗವನ್ನು ಅಳೆದ ಬಗೆ



ಕೊಡಗಿನ ನೆಂಟರ ಮನೆಯಲ್ಲಿ ಕೈಲುಮುಹೂರ್ತದ ಹಬ್ಬವನ್ನು ಕಂಡುಬಂದ ಬಾಲಕನೊಬ್ಬನು ತರಗತಿಯಲ್ಲಿ ಎದ್ದುನಿಂತು ಕೇಳಿದನು: "ಮೇಷ್ಟ್ರೇ, ಅಲ್ಲಿ ತೆಂಗಿನಕಾಯಿಗೆ ನೇರವಾಗಿ ಗುರಿಯಿಟ್ಟು ಗುಂಡು ಹೊಡೆಯುತ್ತಾರೆ. ಹಾಗೆಯೇ ಗುರಿಯಿಟ್ಟರೆ ಆಚೆ ಗುಡ್ಡದಲ್ಲಿರುವ ಕಾಯಿಗೂ ತಾಗೀತೇ?"

ತಾಗದು. ಗುಂಡು ನಳಿಗೆಯಿಂದ ಹೊರಬಿದ್ದ ಕ್ಷಣದಿಂದಲೇ, ಕೈಜಾರಿದ ಕಲ್ಲಿನಂತೆ, ಭೂಮಿಯತ್ತ ಬೀಳತೊಡಗುತ್ತದೆ. ಸೆಕೆಂಡಿಗೆ 700 ಮೀಟರ್ ವೇಗದ ಗುಂಡು 30 ಮೀಟರ್ ಸಾಗುವಷ್ಟರಲ್ಲಿ ಬೀಳುವುದು ಒಂದು ಸೆಂಟಿಮೀಟರಿಗೂ ಕಡಿಮೆ. ಆದರೆ 300 ಮೀಟರ್ ಸಾಗಲು ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಅದು ಒಂದು ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ಆದುದರಿಂದ ದೂರದ ಗುರಿಗೆ ನಳಿಗೆಯನ್ನು ತುಸು ಮೇಲೆತ್ತಬೇಕು. ಎಷ್ಟು ಎತ್ತಬೇಕೆಂದು ತಿಳಿಯಲು ವೇಗ ಗೊತ್ತಿರಬೇಕು.

ಕಣ್ಣಿಗೇ ಕಾಣದ ಈ ವೇಗವನ್ನು ಅಳೆಯುವುದೆಂತು? ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನು 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೊಂದು ಸರಳೋಪಾಯವನ್ನು ತೋರಿದನು. ತೂಗುಬಿಟ್ಟ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆದರೆ, ಗುಂಡು ಅದರೊಳಗೆ ನೆಟ್ಟು ದಿಮ್ಮಿಯು ಉಯ್ಯಾಲೆಯಂತೆ ಹಿಂದಕ್ಕೆ ತೂಗುವುದು. ಗುಂಡಿನ ತೂಕ 10 ಗ್ರಾಂ, ಗುಂಡು ಸೇರಿದ ದಿಮ್ಮಿಯ ತೂಕ 10 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ದಿಮ್ಮಿಯು ಎರಡೂವರೆ ಸೆಂಟಿಮೀಟರ್ ಮೇಲೇರಿದರೆ, ಅದು ಹೊರಟ ವೇಗ ಸೆಕೆಂಡಿಗೆ 0.7 ಮೀಟರ್. ತೂಕವು ಸಾವಿರ ಪಟ್ಟಾದುದರಿಂದ ಗುಂಡಿನ ವೇಗವೂ ಸಾವಿರ ಪಟ್ಟು, ಅಂದರೆ 700 ಮೀಟರ್! ಇಂದು ಎರಡು ಬೆಳಕಿನ ಪರದೆಗಳನ್ನು ಗುಂಡು ದಾಟುವ ಕಾಲವನ್ನು ವಿದ್ಯುತ್ ಯಂತ್ರವೇ ಅಳೆಯುತ್ತದೆ.

ಈ ರಾಬಿನ್ಸನು ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರನಾಗಿ 1750ರಲ್ಲಿ ನಮ್ಮ ದೇಶಕ್ಕೆ ಬಂದು, ಮರುವರ್ಷವೇ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ಗಾಳಿಯ ತಡೆಯು ಅಂದಿನವರು ಎಣಿಸಿದ್ದುದಕ್ಕಿಂತ ಬಹು ಹೆಚ್ಚೆಂದು ತೋರಿಸಿದವನೂ ಅವನೇ. ಅಡ್ಡಗಾಳಿಯು ಗುಂಡನ್ನು ಪಕ್ಕಕ್ಕೆ ಸರಿಸುತ್ತದೆ. ಕಡಲತೀರದಲ್ಲಿ ಗುರಿ ಹೊಂದಿಸಿದ ಕೋವಿಯು ನಮ್ಮ ವಯನಾಡಿನಂತಹ ಎತ್ತರದ ನಾಡಿನಲ್ಲಿ, ಗಾಳಿ ತೆಳುವಾದುದರಿಂದ, ದೂರದ ಗುರಿಗಿಂತ ತುಸು ಮೇಲೆ ಹೊಡೆಯುತ್ತದೆ. ಮದ್ದು ಬಿಸಿಲಿಗೆ ಕಾದರೆ ವೇಗವೇ ಬದಲಾಗುತ್ತದೆ.

ಇಷ್ಟನ್ನು ಕೇಳಿದ ಬಾಲಕನು ಮತ್ತೆ ಕೇಳಿದನು: "ಹಾಗಾದರೆ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ, ಮೇಷ್ಟ್ರೇ?"

ವಾಚಕರೇ, ಈ ಪ್ರಶ್ನೆಯು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಪರವಾನಗಿಯುಳ್ಳವರಿಂದ ಹೊಡೆಸಲು ಆಜ್ಞೆ ನೀಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಪಂಚಾಯತಿಗಳ ಅಧ್ಯಕ್ಷರಿಗೆ ಕೊಟ್ಟಿತು. ನಮ್ಮ ಪೊನ್ಕುಳಿಯ ಸುತ್ತಲಿನದು ಅಭಯಾರಣ್ಯ; ಅದರ ಹೊರಗಿನ ಊರುಗಳಲ್ಲಿ ಗದ್ದೆಯ ಆಚೆ ಗದ್ದೆ, ಅದರಾಚೆ ಮನೆ. ಕತ್ತಲಲ್ಲಿ ಹಂದಿ ಕಂಡೀತು, ಹಿಂದಿನ ಮನೆ ಕಾಣದು. ಅತಿ ಚಿಕ್ಕದೆನಿಸುವ 0.22 ಅಂಗುಲದ ರೈಫಲಿನ ಗುಂಡು ಕೂಡ ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲುದು.

ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿಲ್ಲದಿದ್ದರೆ ಕೋವಿಯನ್ನು ಕೆಳಗಿಳಿಸುವುದೇ ಜಾಣತನ. ಒಂದು ರಾತ್ರಿಯ ಗೆಣಸು ಹೋದರೆ ಮರುವರ್ಷ ಬೆಳೆದೀತು.

ಮಕ್ಕಳಿಗಾಗಿ ಒಂದು ಪ್ರಯೋಗ: ಮರಳು ತುಂಬಿದ ಗೋಣಿಚೀಲವನ್ನು ತೂಗುಹಾಕಿ, ಅದಕ್ಕೆ ಅಂಟುವಂತೆ ಹಸಿಮಣ್ಣಿನ ಉಂಡೆಯನ್ನೆಸೆಯಿರಿ. ರಾಬಿನ್ಸನ ಲೆಕ್ಕ ನಿಮ್ಮ ಅಂಗಳದಲ್ಲೇ ತೂಗಾಡೀತು.